ಸಡಿಲ ಜಲ್ಲಿ

ಮೇಸ್ತ್ರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಅದನ್ನು ಆತ ದುರ್ಗುಣವೆಂದು ಎಂದೂ ತಿಳಿದವನಲ್ಲ. ಹಾಲಿನವನು ನೀರು ಬೆರೆಸುತ್ತಾನೆ, ಗಡಿಯಾರ ರಿಪೇರಿಯವನು ಒಳಗಿನ ಒಳ್ಳೆಯ ಭಾಗ ತೆಗೆದು ಕೆಟ್ಟದ್ದನ್ನು ಕೂರಿಸುತ್ತಾನೆ, ಡಾಕ್ಟರು ಬೇಕೆಂದೇ ಅರ್ಧ ಕಾಯಿಲೆ ಉಳಿಸಿಬಿಡುತ್ತಾರೆ, ಇದು ಆತನ ಲೋಕಜ್ಞಾನ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂದು ಹೆಂಡತಿ ಬದುಕಿದ್ದಷ್ಟು ದಿನವೂ ಹಂಗಿಸಿದಳು. ಆದರೆ ಆತನ ಕಡೆಯ ವಾದವನ್ನೂ ಕೇಳಬೇಕಲ್ಲ. ಹಳಿ ಕಾಯುವ ಗ್ಯಾಂಗಿನ ಮೇಸ್ತ್ರಿಯಾಗಿ ಆಯಸ್ಸು ಸವೆಸಿದವನು ನಂಬಿಕೊಂಡು ಕೂತರೆ ಆಗುತ್ತದೆಯೇ? ನಿನ್ನೆ ಬಿಗಿಯಾಗಿದ್ದ ಬೋಲ್ಟು ಇವತ್ತೂ ಬಿಗಿಯಾಗಿದೆ ಎಂದು ನಂಬಿದ ದಿನ ರೈಲು ಹಳಿ ಬಿಟ್ಟು ಹೊಲಕ್ಕೆ ಇಳಿಯುತ್ತದೆ. ನಿವೃತ್ತಿಯಾದಾಗ ಕೆಲಸ ನಿಂತಿತು, ಸಂಶಯ ನಿಲ್ಲಲಿಲ್ಲ. ಹಳಿ ಇಲ್ಲದ ಕಡೆಯೂ ಅದನ್ನೇ ಬಳಸತೊಡಗಿದ, ಅಷ್ಟೇ.

ಆತ ನಂಬಿದ್ದ ಜೀವ ಒಂದೇ, ಸೊಸೆ. ಹೆಂಡತಿ ತೀರಿಕೊಂಡ ಮೇಲೆ ಅಪ್ಪನನ್ನು ಸ್ವಲ್ಪ ದಿನ ಸೋದರತ್ತೆಯ ಮನೆಯಲ್ಲಿ ಬಿಟ್ಟು ಬರುತ್ತೇನೆಂದು ಮಗ ಎದ್ದಾಗ, "ಮಾವ ಎಲ್ಲಿಗೂ ಹೋಗಲ್ಲ, ಅವರ ಮಂಚ ಕಿಟಕಿ ಹತ್ರ ಹಾಕಿ" ಎಂದು ಒಂದೇ ಮಾತಿನಲ್ಲಿ ಮುಗಿಸಿದವಳು ಅವಳು. ಮಗ ರೈಲು ಓಡಿಸುವವನು. ಮನೆಗೆ ಬಂದರೆ ನಿದ್ದೆ, ಎದ್ದರೆ ಡ್ಯೂಟಿ. ಹಾಗಾಗಿ ಮನೆಯೆಂದರೆ ಮಾವ, ಸೊಸೆ ಮತ್ತು ಅವರಿಬ್ಬರ ಮುಗಿಯದ ರೈಲ್ವೆ ಮಾತು.

ಸೊಸೆ ರೈಲ್ವೆಯ ಸಂಶೋಧನಾ ಸಂಸ್ಥೆಯಲ್ಲಿ ಎಂಜಿನಿಯರು. ಅದು ಸರ್ಕಾರದ ಸಂಸ್ಥೆ, ಅಲ್ಲಿ ಕಂಡುಹಿಡಿದದ್ದು ಯಾರೊಬ್ಬರ ಸ್ವತ್ತಲ್ಲ, ಎಲ್ಲರಿಗೂ ಸೇರಿದ್ದು ಎಂದು ಅವಳು ಹೊಸತರಲ್ಲಿ ಹೆಮ್ಮೆಯಿಂದ ಹೇಳಿದಾಗ, ಎಲ್ಲರಿಗೂ ಸೇರಿದ್ದನ್ನು ಮೊದಲು ಕದಿಯುವವರು ಯಾರು ಎಂದು ಮೇಸ್ತ್ರಿ ಕೇಳಿದ್ದ. ಅವಳ ಕೆಲಸ ಸ್ಲೀಪರಿನದು, ಅಂದರೆ ಹಳಿಯ ಕೆಳಗೆ ಅಡ್ಡಡ್ಡ ಮಲಗಿ ರೈಲಿನ ಭಾರವನ್ನೆಲ್ಲ ಹೊರುವ ದಿಮ್ಮಿಯದು. ಮರದ್ದು ಬೇಕೆಂದರೆ ಕಾಡು ಕಡಿಯಬೇಕು, ಕಾಂಕ್ರೀಟಿನದು ಬೇಕೆಂದರೆ ಸಿಮೆಂಟಿನ ಗೂಡುಗಳು ಹಗಲಿರುಳು ಹೊಗೆ ಉಗುಳಬೇಕು. ಅವಳು ಎಸೆದ ಪ್ಲಾಸ್ಟಿಕ್ಕನ್ನು ಕರಗಿಸಿ, ಸವೆದ ಟಯರಿನ ಪುಡಿ ಬೆರೆಸಿ, ಅಚ್ಚಿಗೆ ಹೊಯ್ದು ಕಪ್ಪನೆಯ ಸ್ಲೀಪರ್ ಮಾಡಿದ್ದಳು.

"ಒಡೆದ ಬಕೆಟ್ಟಿನ ಮೇಲೆ ರೈಲು ಓಡಿಸ್ತೀಯೇನಮ್ಮ?" ಎಂದು ಮೇಸ್ತ್ರಿ ನಕ್ಕಿದ್ದ. ಅವಳು ಜಗಳವಾಡಲಿಲ್ಲ. ಸಂಸ್ಥೆಗೆ ಕರೆದುಕೊಂಡು ಹೋಗಿ ಸುತ್ತಿಗೆ ಕೈಗೆ ಕೊಟ್ಟಳು. ಆತ ದಿಮ್ಮಿಯನ್ನು ಹಿಂದೆ ಮುಂದೆ ಬಡಿದು, ಕಿವಿಗೊಟ್ಟು ಕೇಳಿ, ಉಗುರಿನಿಂದ ಕೆರೆದು, ಕೊನೆಗೆ "ಪರವಾಗಿಲ್ಲ" ಎಂದ. ಆತನ ಬಾಯಿಂದ ಆ ಮಾತು ಬಂತೆಂದರೆ ಪದಕ ಕೊಟ್ಟ ಹಾಗೆ ಎಂಬುದು ಅವಳಿಗೆ ಗೊತ್ತಿತ್ತು. ಅಂದಿನಿಂದ ಅವು ಮೇಸ್ತ್ರಿಯ ಪಾಲಿಗೆ 'ನಮ್ಮ ಸ್ಲೀಪರ್'ಗಳಾದವು.

ಸಂಸ್ಥೆಯ ಹಿಂದೆ ಬೇಲಿಯೊಳಗೆ ಒಂದು ಸುತ್ತು ಹಳಿ ಇತ್ತು. ಅಲ್ಲಿ ಪ್ರಯಾಣಿಕರಿಲ್ಲ, ನಿಲ್ದಾಣವಿಲ್ಲ. ಕಲ್ಲು ತುಂಬಿದ ವ್ಯಾಗನ್ನುಗಳು ಗಾಣದ ಎತ್ತಿನಂತೆ ಹಗಲೆಲ್ಲ ಸುತ್ತುತ್ತಿದ್ದವು. ಆ ಹಳಿಯ ಒಂದು ಭಾಗಕ್ಕೆ ಸೊಸೆಯ ಸ್ಲೀಪರ್ ಹಾಕಿದ್ದರು, ಭಾರ ಬಿದ್ದಾಗ ಎಷ್ಟು ಬಾಗುತ್ತವೆಂದು ಅಳೆಯಲು ಸಣ್ಣ ತಂತಿಗಳನ್ನು ಅಂಟಿಸಿದ್ದರು. ಪರೀಕ್ಷೆ ಮುಗಿದ ಮೇಲೆ ಸಾರ್ವಜನಿಕರ ಮುಂದೆಯೇ ಸಮಿತಿ ಕೂರುವುದಿತ್ತು. ಗೆದ್ದರೆ ಜನ ಓಡಾಡುವ ಹಳಿಗೇ ಆ ಸ್ಲೀಪರ್ ಹಾಕುತ್ತಾರೆ. ಸೋತರೆ ಅವಳ ವಿಭಾಗ ಮುಚ್ಚಿ ಅವಳನ್ನು ದೂರದ ಕಚೇರಿಗೆ ವರ್ಗ ಮಾಡುತ್ತಾರೆ. ಮಗ ತನ್ನ ಮಾರ್ಗ ಬಿಟ್ಟು ಅಲ್ಲಿಗೆ ಹೋಗುವಂತಿಲ್ಲ, ಮನೆ ಎರಡಾಗುತ್ತದೆ. ಮೇಸ್ತ್ರಿಗೆ ಇದೆಲ್ಲ ಗೊತ್ತಿತ್ತು. ಸೊಸೆ ಊಟದ ತಟ್ಟೆ ಅರ್ಧಕ್ಕೆ ಸರಿಸುವುದನ್ನೂ ಆತ ನೋಡುತ್ತಿದ್ದ.

ಬೆಳಗಿನ ನಡಿಗೆಗೆ ಆತ ಹೋಗುತ್ತಿದ್ದದ್ದು ಆ ಸುತ್ತು ಹಳಿಗೇ. ಹೊರಗಿನವರಿಗೆ ಪ್ರವೇಶವಿಲ್ಲ ಎಂಬ ಫಲಕ ಹಿಂದಿನ ಗೇಟಿನಲ್ಲಿ ಇತ್ತು ನಿಜ. ಆದರೆ ಗೇಟು ಕಾಯುವವನು ಹಿಂದೆ ಇದೇ ಮೇಸ್ತ್ರಿಯ ಗ್ಯಾಂಗಿನಲ್ಲಿದ್ದವನು. ನಿಂತಲ್ಲೇ ನಿದ್ದೆ ಮಾಡಬಲ್ಲವನಾದ್ದರಿಂದ ಅವನಿಗೆ ಗೊರಕೆ ಎಂಬ ಹೆಸರನ್ನು ಇಟ್ಟವನೂ ಮೇಸ್ತ್ರಿಯೇ. ಗೊರಕೆಗೆ ಸಂಸ್ಥೆಯ ನಿರ್ದೇಶಕರಿಗಿಂತ ತನ್ನ ಹಳೆಯ ಮೇಸ್ತ್ರಿಯ ಭಯವೇ ಹೆಚ್ಚು.

ಒಂದು ಬೆಳಿಗ್ಗೆ ಮೇಸ್ತ್ರಿ ಸೊಸೆಯ ಸ್ಲೀಪರುಗಳ ಮೇಲೆ ಕಾಲಿಟ್ಟು ನಡೆಯುತ್ತಿದ್ದಾಗ ಒಂದು ಕಡೆ ಪಾದಕ್ಕೆ ಬೇರೆ ಥರ ತಾಗಿತು. ಬಗ್ಗಿ ಮೇಲಿನ ಜಲ್ಲಿ ಸರಿಸಿದ. ಕೆಳಗೆ ಟೊಳ್ಳು. ಸ್ಲೀಪರಿನ ಹೊಟ್ಟೆಯ ಕೆಳಗಿನ ಕಲ್ಲನ್ನೆಲ್ಲ ಎಳೆದು ತೆಗೆದು, ಯಾರಿಗೂ ಕಾಣದಂತೆ ಮೇಲೊಂದು ಪದರ ಹರಡಿದ್ದರು. ಸ್ವಲ್ಪ ಮುಂದೆ ಇನ್ನೊಂದು ಹಾಗೆಯೇ, ತಿರುವಿನ ಹತ್ತಿರ ಮತ್ತೂ ಒಂದು. ಮಳೆ ಮಾಡುವ ಟೊಳ್ಳು ಹೀಗಿರುವುದಿಲ್ಲ, ಹೆಗ್ಗಣ ತೋಡಿದರೆ ಮೇಲೆ ಮುಚ್ಚಿ ಹೋಗುವುದಿಲ್ಲ. ಇದು ಮನುಷ್ಯನ ಕೈ.

ಮೇಸ್ತ್ರಿಗೆ ಗಾಬರಿಯಾಯಿತು, ಜೊತೆಗೆ ಎಲ್ಲೋ ಒಳಗೆ ಸಣ್ಣ ತೃಪ್ತಿಯೂ ಆಯಿತು. ಲೋಕ ಕೆಟ್ಟದ್ದು ಎಂದು ಇಷ್ಟು ವರ್ಷ ಹೇಳಿದ್ದು ಸುಳ್ಳಾಗಲಿಲ್ಲವಲ್ಲ.

"ಯಾರೋ ಬಂದಿದ್ದು?" ಎಂದು ಗೊರಕೆಯನ್ನು ಹಿಡಿದ.

"ಯಾರೂ ಇಲ್ಲ ಮೇಸ್ತ್ರಿ. ಆಫೀಸಿನೋರು ಬಿಟ್ರೆ ಒಂದು ನಾಯಿನೂ ಒಳಗೆ ಬಂದಿಲ್ಲ."

"ಎಚ್ಚರ ಇದ್ದಿದ್ರೆ ತಾನೇ ನಿಂಗೆ ನಾಯಿ ಕಾಣೋದು."

"ಆಫೀಸಿಗೆ ಹೇಳಿಬಿಡ್ಲಾ?"

"ಹೇಳಿದ್ರೆ ಕಳ್ಳ ಎಚ್ಚರ ಆಗ್ತಾನೆ. ಬಾಯಿಗೆ ಬೀಗ ಹಾಕ್ಕೊ. ನಿನ್ನ ಕೋಣೇಲಿ ಹಳೇ ಬೀಟರ್ ಇದೆಯಲ್ಲ, ಅದನ್ನ ತಾ."

ಬೀಟರ್ ಎಂದರೆ ಸ್ಲೀಪರಿನ ಕೆಳಗೆ ಜಲ್ಲಿ ಬಡಿದು ಬಿಗಿ ಮಾಡುವ, ಮೊಂಡು ಮೂತಿಯ ಗುದ್ದಲಿ. ಬಹಳ ದಿನದ ಮೇಲೆ ಅದು ಕೈಗೆ ಬಂದಾಗ ಮೇಸ್ತ್ರಿಯ ಬೆನ್ನು ನೆಟ್ಟಗಾಯಿತು. ಕಲ್ಲು ಕಲ್ಲಿಗೆ ಕಚ್ಚುವವರೆಗೂ ಬಡಿದ. ಸೊಂಟ ನೋಯುತ್ತಿತ್ತು, ಆದರೂ ಸುಖವಾಗಿತ್ತು. ಸೊಸೆಗೆ ಹೇಳುವುದು ಬೇಡವೆಂದುಕೊಂಡ. ಮೊದಲೇ ಅವಳಿಗೆ ಅನ್ನ ಸೇರುತ್ತಿಲ್ಲ. ಕಳ್ಳ ಸಿಕ್ಕ ಮೇಲೆ ಕಿವಿ ಹಿಡಿದು ಎಳೆದುಕೊಂಡು ಹೋಗಿ ಅವಳ ಮುಂದೆ ನಿಲ್ಲಿಸಿದರಾಯಿತು.

ಕೆಲವು ದಿನ ಬಿಟ್ಟು ನೋಡಿದರೆ ಮತ್ತೆ ಟೊಳ್ಳು. ಆತ ಮತ್ತೆ ತುಂಬಿದ. ಮತ್ತೆ ತೆಗೆದರು, ಮತ್ತೆ ತುಂಬಿದ. ಬಡಿದ ಗುರುತು ಕಾಣದಂತೆ ಮೇಲಿನ ಪದರವನ್ನು ಮೊದಲಿದ್ದ ಹಾಗೆಯೇ ಹರಡುವುದನ್ನೂ ರೂಢಿ ಮಾಡಿಕೊಂಡ. ತಲೆಯಲ್ಲಿ ಮಾತ್ರ ಒಬ್ಬೊಬ್ಬರನ್ನೇ ನಿಲ್ಲಿಸಿ ವಿಚಾರಣೆ ನಡೆದಿತ್ತು. ಕಾಂಕ್ರೀಟ್ ಸ್ಲೀಪರಿನ ಕಾರ್ಖಾನೆಯವರು? ಅವರಿಗೆ ಹೊಟ್ಟೆಯುರಿ ಇರಲೇಬೇಕು. ನಿರ್ದೇಶಕರು? ಅವರು ಅತಿಯಾಗಿ ನಗುತ್ತಾರೆ, ಅತಿಯಾಗಿ ನಗುವವರನ್ನು ನಂಬಬಾರದು. ಕೊನೆಗೆ ಆತನ ಕಣ್ಣು ಹೋಗಿ ನಿಂತದ್ದು ಸೊಸೆಯ ಕೈಕೆಳಗಿನ ಯುವಕನ ಮೇಲೆ.

ಮೇಸ್ತ್ರಿ ಅವನನ್ನು ಕಡ್ಡಿ ಎನ್ನುತ್ತಿದ್ದ. ಗಾಳಿ ಬಂದರೆ ಹಾರಿಹೋಗುವಂಥ ಮೈ, ಮಾತಾಡುವಾಗ ನೆಲ ನೋಡುವ ಅಭ್ಯಾಸ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಒಮ್ಮೆ ಮನೆಗೆ ಬಂದಾಗ ಕೊಟ್ಟ ಚಹಾವನ್ನು ಪೂರ್ತಿ ಕುಡಿಯದೆ ಎದ್ದಿದ್ದ. ಚಹಾ ಬಿಟ್ಟು ಏಳುವವನ ಮನಸ್ಸಿನಲ್ಲಿ ಏನೋ ಇದೆ ಎಂದು ಮೇಸ್ತ್ರಿ ಆಗಲೇ ತೀರ್ಮಾನಿಸಿಬಿಟ್ಟಿದ್ದ. ಸಾಲದ್ದಕ್ಕೆ ಒಂದು ಸಂಜೆ ಅವನು ಹಳಿಯ ಕಡೆಯಿಂದ ಮಂಡಿಯ ಧೂಳು ಕೊಡವಿಕೊಳ್ಳುತ್ತಾ ಬರುವುದು ಬೇಲಿಯಾಚೆಯಿಂದ ಕಂಡಿತು. ಇನ್ನೇನು ಬೇಕು?

ಇತ್ತ ಮನೆಯಲ್ಲಿ ಸೊಸೆಯೂ ಬದಲಾಗಿದ್ದಳು. ಕಂಪ್ಯೂಟರಿನ ಮುಂದೆ ಕೂತು ಒಂದೇ ಗೆರೆಯನ್ನು ದಿಟ್ಟಿಸುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ತಾನಾಗಿಯೇ ಬಾಯಿ ಬಿಟ್ಟಳು.

"ಮಾವ, ನಿಮ್ಮ ಗ್ಯಾಂಗಲ್ಲಿ ಒಬ್ಬ ಕೆಲಸ ಮಾಡಿದೀನಿ ಅಂತಾನೆ, ಆದ್ರೆ ಮಾಡಿರೋ ಹಾಗೆ ಕಾಣಲ್ಲ ಅಂದ್ರೆ ಏನ್ ಮಾಡ್ತಿದ್ರಿ?"

"ಯಾರು, ಆ ಕಡ್ಡಿನಾ?"

ಅವಳು ಬೆಚ್ಚಿದಳು. "ನಾನು ಹೆಸರೇ ಹೇಳಿಲ್ವಲ್ಲ."

"ಹೇಳೋದೇನು ಬೇಕು. ಅವನ ಕೈ ನೋಡಿದೀಯಾ? ಕೆಲಸ ಮಾಡೋ ಕೈ ಅಲ್ಲಮ್ಮ ಅದು. ನನ್ನ ಮಾತು ಕೇಳು, ಅವನನ್ನ ಹಳಿ ಹತ್ರ ಬಿಡಬೇಡ."

"ಆಣೆ ಇಟ್ಟು ಹೇಳ್ತಾನೆ, ಮಾಡಿದೀನಿ ಅಂತ. ಅಳತೆ ನೋಡಿದ್ರೆ ಬೇರೆ ಹೇಳುತ್ತೆ. ಅವನೇ ಏನೋ ಕೈಯಾಡಿಸ್ತಿದ್ದಾನೆ ಅನ್ಸುತ್ತೆ, ಮಾವ. ಅವನು ಕಾಯಂ ಆಗೋದು ಈ ಪರೀಕ್ಷೆ ಮೇಲೇ ನಿಂತಿದೆ."

"ಮತ್ತೆ? ಆಣೆ ಇಡೋದು ಯಾವಾಗ್ಲೂ ಕಳ್ಳನೇ."

ಏನು ಕೆಲಸ, ಯಾವ ಅಳತೆ ಎಂದು ಮೇಸ್ತ್ರಿ ಕೇಳಲಿಲ್ಲ. ಪರೀಕ್ಷೆಯ ವಿವರ ಯಾರಿಗೂ ಹೇಳುವಂತಿಲ್ಲವೆಂಬ ನಿಯಮವಿದ್ದುದರಿಂದ ಅವಳೂ ಬಿಡಿಸಿ ಹೇಳಲಿಲ್ಲ. ಇಬ್ಬರೂ ಒಂದೇ ಮಾತಾಡುತ್ತಿದ್ದೇವೆಂದು ತಿಳಿದು ಇಬ್ಬರೂ ತಲೆಯಾಡಿಸಿದರು. ಕಳ್ಳನನ್ನು ಸೊಸೆಯೂ ಗುರುತಿಸಿದ್ದಾಳೆಂದು ಮೇಸ್ತ್ರಿಗೆ ಸಮಾಧಾನವಾಯಿತು. ಅಂದು ತಟ್ಟೆಯಲ್ಲಿ ಅವಳು ಏನೂ ಬಿಡಲಿಲ್ಲ.

ಅದೇ ವಾರ ಕಡ್ಡಿಯನ್ನು ಪರೀಕ್ಷೆಯಿಂದ ತೆಗೆದರು. ಹೇಳಿದ ಕೆಲಸ ಮಾಡದೆ ಸುಳ್ಳು ಹೇಳಿದ್ದಾನೆಂದು ಸೊಸೆಯೇ ದೂರು ಕೊಟ್ಟಿದ್ದಳು. ಅವನು ಮೇಜಿನ ಮೇಲಿದ್ದ ತನ್ನ ನೀರಿನ ಬಾಟಲಿ, ಒಂದು ಸ್ವೆಟರು ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಗೇಟು ದಾಟಿದನೆಂದು ಗೊರಕೆ ವರದಿ ಒಪ್ಪಿಸಿದ. ಮೇಸ್ತ್ರಿ ಅಂದು ಎರಡು ಲೋಟ ಚಹಾ ಕುಡಿದ.

ಆದರೆ ಮುಂದಿನ ವಾರ ಹೋಗಿ ನೋಡಿದರೆ ಸ್ಲೀಪರಿನ ಕೆಳಗೆ ಮತ್ತೆ ಟೊಳ್ಳು.

ಮೇಸ್ತ್ರಿ ಬಹಳ ಹೊತ್ತು ಹಳಿಯ ಮೇಲೆ ಕೂತ. ಕಡ್ಡಿ ಹೋದ ಮೇಲೂ ತೆಗೆದಿದ್ದಾರೆಂದರೆ ತೆಗೆಯುವವನು ಕಡ್ಡಿಯಲ್ಲ. ಆ ಹುಡುಗನ ನೆನಪು ಒಂದು ಕ್ಷಣ ಮನಸ್ಸನ್ನು ಚುಚ್ಚಿತು. ಸಂಶಯಗಾರನಿಗೆ ಅದಕ್ಕೆಲ್ಲ ಪುರುಸೊತ್ತೆಲ್ಲಿ, ಮುಂದಿನ ಕಳ್ಳ ಕಾಯುತ್ತಿರುತ್ತಾನಲ್ಲ. ಟೊಳ್ಳು ತುಂಬಿ, ಇನ್ನು ಬೆಳಿಗ್ಗೆ ಬಂದು ಪ್ರಯೋಜನವಿಲ್ಲ, ಸಂಜೆ ಬರಬೇಕು ಎಂದು ನಿರ್ಧರಿಸಿದ. ಅಂದಿನಿಂದ ವ್ಯಾಗನ್ನುಗಳು ನಿಲ್ಲುವ ಹೊತ್ತಿಗೆ ಬಂದು, ಬೀಟರ್ ಕೈಯಲ್ಲಿ ಹಿಡಿದು, ಹಳೆಯ ಮರದ ದಿಮ್ಮಿಗಳ ರಾಶಿಯ ಹಿಂದೆ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂರತೊಡಗಿದ.

ಕೊನೆಗೊಂದು ಸಂಜೆ ಕಳ್ಳ ಬಂದ. ತಲೆಗೆ ಟೋಪಿ, ಕೈಯಲ್ಲಿ ಜಲ್ಲಿ ಎಳೆಯುವ ಕೊಕ್ಕೆ. ಅತ್ತಿತ್ತ ನೋಡಿ ಸ್ಲೀಪರಿನ ಪಕ್ಕ ಮಂಡಿಯೂರಿ ಕಲ್ಲು ಎಳೆಯತೊಡಗಿದ. ಮೇಸ್ತ್ರಿ ಬೀಟರನ್ನು ಬಿಗಿಯಾಗಿ ಹಿಡಿದು ಎದ್ದ. ಅಷ್ಟರಲ್ಲಿ ಕಳ್ಳ ಟೋಪಿ ತೆಗೆದು ಹಣೆಯ ಬೆವರು ಒರೆಸಿಕೊಂಡ.

ಅದು ಸೊಸೆ.

ಮೇಸ್ತ್ರಿ ಮತ್ತೆ ರಾಶಿಯ ಹಿಂದೆ ಕೂತ. ತನ್ನ ಸ್ಲೀಪರಿನ ಕೆಳಗಿನ ಕಲ್ಲನ್ನು ತಾನೇ ಎಳೆಯುತ್ತಿದ್ದಾಳೆ. ಎಳೆದು, ಮೇಲೆ ನೀಟಾಗಿ ಪದರ ಹರಡಿ, ಗುರುತು ಸಿಗದಂತೆ ಕೈಯಿಂದ ಸವರಿ, ಮುಂದಿನದಕ್ಕೆ ಹೋಗುತ್ತಿದ್ದಾಳೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ? ಆತನ ತಲೆ ಅಭ್ಯಾಸಬಲದಿಂದ ಓಡತೊಡಗಿತು. ಕಾಂಕ್ರೀಟಿನವರು ಇವಳನ್ನೇ ಕೊಂಡುಕೊಂಡರೇ? ವರ್ಗವಾಗಲಿ ಎಂದು ಇವಳೇ ಬಯಸುತ್ತಿದ್ದಾಳೆಯೇ? ಈ ಮನೆ, ಈ ಮುದುಕ, ಸದಾ ಮಲಗಿರುವ ಗಂಡ, ಎಲ್ಲ ಸಾಕಾಯಿತೇ? ಮಂಚ ಕಿಟಕಿ ಹತ್ತಿರ ಹಾಕಿಸಿದವಳ ಬಗ್ಗೆ ಹೀಗೆಲ್ಲ ಯೋಚಿಸುತ್ತಿದ್ದೇನಲ್ಲ ಎಂದು ಆತನಿಗೆ ನಾಚಿಕೆಯಾಯಿತು. ಆದರೆ ಯೋಚನೆ ನಿಲ್ಲಲಿಲ್ಲ. ಅವಳು ಹೋದ ಮೇಲೆ ರಾಶಿಯ ಹಿಂದಿನಿಂದ ಬಂದು, ಕಣ್ಣು ಮಂಜಾಗಿದ್ದರೂ, ಅವಳು ತೆಗೆದದ್ದನ್ನೆಲ್ಲ ಮತ್ತೆ ಬಡಿದು ತುಂಬಿ ಮನೆಗೆ ಹೋದ.

ಅಡುಗೆಮನೆಯಲ್ಲಿ ಸೊಸೆ ಸಿಂಕಿನ ಮುಂದೆ ನಿಂತು ಉಗುರಿನ ಸಂದಿಯ ಧೂಳು ತೊಳೆಯುತ್ತಿದ್ದಳು. ಮೇಸ್ತ್ರಿ ಬಾಗಿಲಲ್ಲೇ ನಿಂತ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದು ಆತನಿಗೆ ಬರುತ್ತಿರಲಿಲ್ಲ.

"ಯಾರು ನಿನ್ನ ಕೊಂಡ್ಕೊಂಡಿದ್ದು?"

"ಏನು ಮಾವ?"

"ಜಲ್ಲಿ ಎಳೀತಿದ್ದೆ. ಕಣ್ಣಾರೆ ನೋಡಿದೆ. ನಿನ್ನ ಸ್ಲೀಪರ್ ನೀನೇ ಮುರೀಬೇಕು ಅಂತ ಯಾರು ಹೇಳಿಕೊಟ್ರು?"

ಅವಳು ನಲ್ಲಿ ನಿಲ್ಲಿಸಿದಳು. ಕೋಪ ಮಾಡಿಕೊಳ್ಳಲಿಲ್ಲ, ದಣಿದಿದ್ದಳು. "ಮುರಿಯೋದಲ್ಲ ಮಾವ, ಅದೇ ಪರೀಕ್ಷೆ. ನಿಜವಾದ ಹಳೀಲಿ ಎಲ್ಲಾ ಕಡೆ ಜಲ್ಲಿ ಸರಿಯಾಗಿರುತ್ತಾ? ಕೆಳಗೆ ಟೊಳ್ಳಾದ್ರೆ ನನ್ನ ಸ್ಲೀಪರ್ ತಡೆಯುತ್ತೋ, ಬಾಗಿ ಬಿರುಕು ಬಿಡುತ್ತೋ ನೋಡಬೇಕು. ಅದಕ್ಕೇ ಬೇಕಂತ ಟೊಳ್ಳು ಮಾಡೋದು. ಮೊದಲು ಆ ಹುಡುಗ ಮಾಡ್ತಿದ್ದ. ಮಾಡ್ದೆ ಅಂತಿದ್ದ, ಅಳತೇಲಿ ಮಾತ್ರ ಟೊಳ್ಳೇ ಇಲ್ಲ ಅಂತ ಬರ್ತಿತ್ತು. ತೋಡಿ ನೋಡಿದ್ರೆ ಕಲ್ಲು ಬಿಗಿಯಾಗೇ ಇತ್ತು. ಅದಕ್ಕೆ ಅವನನ್ನ ತೆಗೆದು ನಾನೇ ಮಾಡೋಕೆ ಹೋದೆ. ಈಗ ನಾನು ಮಾಡಿದ್ರೂ ಅಳತೆ ಹಾಗೇ ಬರ್ತಿದೆ. ನಂಗೆ ತಲೆ ಕೆಟ್ಟುಹೋಗಿದೆ."

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲಮ್ಮ."

"ಹಳಿ ಕೆಲಸದವರಿಗೆ ಹೇಳಲೇಬಾರದು ಅಂತ ನಿಯಮ ಮಾವ. ಸಡಿಲ ಕಂಡ್ರೆ ಅವರ ಕೈ ಸುಮ್ನೆ ಇರಲ್ಲ, ಬಿಗಿ ಮಾಡಿಬಿಡ್ತಾರೆ…"

ಅವಳ ಕಣ್ಣು ಮಾವನ ಮುಖದಿಂದ ಇಳಿದು ಕೈಗೆ ಬಂತು. ಮೇಸ್ತ್ರಿ ಬೀಟರನ್ನು ಗೊರಕೆಯ ಕೋಣೆಯಲ್ಲಿ ಇಟ್ಟು ಬರಲು ಮರೆತಿದ್ದ. ಅದರ ಮೊಂಡು ಮೂತಿಗೆ ಜಲ್ಲಿಯ ಬಿಳಿ ಪುಡಿ ಹತ್ತಿತ್ತು.

"ಎಷ್ಟು ದಿನದಿಂದ?" ಎಂದಳು.

"ಮೊದಲಿಂದ," ಎಂದ ಮೇಸ್ತ್ರಿ.

ಅವಳು ಕುರ್ಚಿ ಎಳೆದು ಕೂತಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಆತನಿಗೆ ಹಗುರವಾಗುತ್ತಿತ್ತು. ಅವಳು ಹೇಳಿದ್ದು ಒಂದೇ ಮಾತು: "ಅವನು ಅಷ್ಟು ಆಣೆ ಇಟ್ಟ ಮಾವ."

ಸಮಿತಿ ಕೂರುವ ದಿನ ಹತ್ತಿರವಿತ್ತು. ಮೇಸ್ತ್ರಿ ಎರಡು ದಿನ ಯೋಚಿಸಿ, ಮೂರನೆಯ ದಿನ ಬೆಕ್ಕಿನ ಹೆಜ್ಜೆ ಇಟ್ಟು ಅವಳ ಬಳಿ ಬಂದ. "ಅಳತೆ ಚೆನ್ನಾಗೇ ಇದೆಯಲ್ಲಮ್ಮ. ನಿಂಗೂ ನಂಗೂ ಬಿಟ್ರೆ ಯಾರಿಗೆ ಗೊತ್ತು? ಗೊರಕೆ ಬಾಯಿ ಬಿಡಲ್ಲ. ಸ್ಲೀಪರ್ ಗಟ್ಟಿ ಇದೆ, ನಾನೇ ಬಡಿದು ನೋಡಿದೀನಿ."

"ನಿಮ್ಮ ಮಗ ಅದರ ಮೇಲೆ ರೈಲು ಓಡಿಸ್ತಾರೆ," ಎಂದಳು ಸೊಸೆ. ಮೇಸ್ತ್ರಿ ಮತ್ತೆ ಆ ಮಾತೆತ್ತಲಿಲ್ಲ. ಹಳಿಯ ಮೇಲೆ ಯಾವುದನ್ನೂ ನಂಬದೆ ಬದುಕಿದವನ ಬಾಯಲ್ಲಿ ಅಂಥ ಮಾತು ಹೇಗೆ ಬಂತೋ, ಆತನಿಗೇ ತಿಳಿಯಲಿಲ್ಲ.

ಸಭೆಯಲ್ಲಿ ಸೊಸೆ ಎದ್ದು, ಅಳತೆಗಳು ಒಂದೂ ನಂಬುವಂತಿಲ್ಲ, ಟೊಳ್ಳುಗಳನ್ನು ಹೊರಗಿನವರು ತುಂಬಿದ್ದಾರೆ, ತನ್ನ ಸಹಾಯಕನ ಮೇಲೆ ತಾನು ಕೊಟ್ಟ ದೂರು ಸುಳ್ಳು ಎಂದಳು. ಹೊರಗಿನವರು ಯಾರು ಎಂದು ಅಧ್ಯಕ್ಷರು ಕೇಳಿದರು. ಹಿಂದಿನ ಸಾಲಿನಿಂದ ಮೇಸ್ತ್ರಿ ಎದ್ದು ನಿಂತು, "ನಾನು, ಇವಳ ಮಾವ" ಎಂದ. ಸಭೆಯಲ್ಲಿ ಯಾರೋ ನಕ್ಕರು. ನಗು ಕೇಳಿ ಸೊಸೆ ತಲೆ ತಗ್ಗಿಸಿದ್ದು ಮೇಸ್ತ್ರಿಗೆ ಅಷ್ಟು ದೂರದಿಂದಲೂ ಕಂಡಿತು.

ಸಮಿತಿ ದಯೆಯನ್ನೇ ತೋರಿತು. ಪರೀಕ್ಷೆಯನ್ನು ಮೊದಲಿನಿಂದ ಮಾಡಿ, ಆಮೇಲೆ ವಿಭಾಗದ ಮಾತು ಎಂದಿತು. ಗೊರಕೆಯನ್ನು ಮುಂದಿನ ಗೇಟಿಗೆ ಹಾಕಿದರು, ಅಲ್ಲಿ ನಿದ್ದೆಗೆ ಅವಕಾಶವಿಲ್ಲ. ಕಡ್ಡಿ ವಾಪಸು ಬಂದ. ಕ್ಷಮೆ ಕೇಳಲು ಸೊಸೆ ಹೋದಾಗ, "ಒಂದು ಸಲ ನನ್ನ ಜೊತೆ ಬಂದು ನಿಂತು ನೋಡಬಹುದಿತ್ತು, ಮೇಡಂ" ಎಂದನಂತೆ. ಈಗ ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಅಷ್ಟೇ. ಅವನ ಕೋಣೆಗೆ ಮೇಸ್ತ್ರಿಯೂ ಹೋಗಿದ್ದ. ಅವನು ಬಾಗಿಲು ತೆರೆದು, ಕೂರಿಸಿ, ಚಹಾ ಕೊಟ್ಟ, ಆತ ಹೇಳಿದ್ದನ್ನೆಲ್ಲ ನೆಲ ನೋಡುತ್ತಾ ಕೇಳಿದ. ಮೇಸ್ತ್ರಿ ಆ ಚಹಾವನ್ನು ಪೂರ್ತಿ ಕುಡಿಯದೆ ಎದ್ದ.

ಹೊಸ ಪರೀಕ್ಷೆ ಶುರುವಾದ ದಿನ ಮೇಸ್ತ್ರಿ ಎಂದಿನಂತೆ ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿದ. ಸುತ್ತು ಹಳಿಯ ಕಡೆ ಇನ್ನು ತಲೆ ಹಾಕಿಯೂ ಮಲಗುವುದಿಲ್ಲವೆಂದು ತನಗೆ ತಾನೇ ಹೇಳಿಕೊಂಡಾಗಿತ್ತು. ಪೇಟೆಯ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುವುದು, ಅಷ್ಟೇ. ಬಾಗಿಲು ತೆಗೆಯುವಾಗ ಹಿಂದೆ ಸೊಸೆಯ ಹೆಜ್ಜೆ ಕೇಳಿತು.

"ತಡೀರಿ ಮಾವ, ನಾನೂ ಬರ್ತೀನಿ."

ಆತನಿಗೆ ತುಂಬ ಸಂತೋಷವಾಯಿತು. ಅಷ್ಟೂ ದಿನ ಅವಳು ಊಟಕ್ಕೆ ಕರೆಯುವುದು ಬಿಟ್ಟು ಬೇರೆ ಮಾತಾಡಿರಲಿಲ್ಲ. ಇಬ್ಬರೂ ಜೊತೆಯಾಗಿ ಬೀದಿಗೆ ಇಳಿದರು. ಆತ ಏನೋ ಹಳೆಯ ಗ್ಯಾಂಗಿನ ಕತೆ ತೆಗೆದ, ಅವಳು ಹೂಂಗುಟ್ಟಿದಳು. ಸಂಸ್ಥೆಯ ಹಿಂದಿನ ಗೇಟಿಗೆ ತಿರುಗುವ ದಾರಿ ಬಂತು. ಅಲ್ಲಿ ಅವಳು ಏನೂ ಹೇಳದೆ ಆತನ ಎಡಗಡೆಯಿಂದ ಬಲಗಡೆಗೆ ಬಂದು, ಆ ದಾರಿಗೂ ಆತನಿಗೂ ನಡುವೆ ನಡೆಯತೊಡಗಿದಳು.

ಜೀವಮಾನವೆಲ್ಲ ಕಂಡವರನ್ನೆಲ್ಲ ಕಾದವನಿಗೆ, ಕಾವಲು ಕಾಯುವವರ ನಡಿಗೆ ಹೇಗಿರುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳದ್ದು ತಪ್ಪೆನ್ನುವ ಹಾಗೂ ಇರಲಿಲ್ಲ. ಕೈಗಳೆರಡನ್ನೂ ಅವಳಿಗೆ ಕಾಣುವಂತೆ ಮುಂದೆ ಕಟ್ಟಿಕೊಂಡು ಆತ ನೇರ ರಸ್ತೆಯಲ್ಲೇ ನಡೆದ.